ಸತ್ತದ್ದನ್ನು ತಿನ್ನುವವರ ವಿಚಾರ

ವಿಷಯ: ಮಲೆನಾಡಿನ ಕಾಡಿನಲ್ಲಿ ಉದುರಿದ ತರಗೆಲೆಯನ್ನು ಸಹಸ್ರಪದಿ, ಎರೆಹುಳು, ಗೆದ್ದಲು ತಿನ್ನುತ್ತವೆ, ಅಣಬೆ, ಬೂಸ್ಟು, ಬ್ಯಾಕ್ಟೀರಿಯಾ ಕೊಳೆಯಿಸುತ್ತವೆ. ನೆಲದ ಸಸ್ಯಗಳು ಬೆಳೆಸಿದ್ದರಲ್ಲಿ ಸುಮಾರು ಶೇ. 90 ಭಾಗ ಯಾವ ಪ್ರಾಣಿಯ ಬಾಯಿಗೂ ಹಸಿಯಾಗಿ ಸಿಗದೆ, ಸತ್ತು ಇವುಗಳ ಪಾಲಾಗುತ್ತದೆ.

ಸಂಶಯ: ಜಿಂಕೆ, ಹುಲಿ, ಉಣ್ಣೆಗಳಿಗಿಂತ ಇವುಗಳ ಆಹಾರಕ್ರಮವೇ ಬೇರೆಯೋ, ತಿನ್ನುವ ವಸ್ತು ಮಾತ್ರ ಬೇರೆಯೋ?

ಪೂರ್ವಪಕ್ಷ: ವಸ್ತು ಮಾತ್ರ ಬೇರೆ. ಹುಲಿ ತಿನ್ನುವುದೂ ಸತ್ತ ಜಿಂಕೆಯನ್ನೇ.

ಉತ್ತರ: ಆ ಸಾವು ಹುಲಿಯಿಂದಲೇ ಆದದ್ದು. ಹುಲಿ ಹೆಚ್ಚಿದರೆ ಜಿಂಕೆ, ಜಿಂಕೆ ಹೆಚ್ಚಿದರೆ ಹುಲ್ಲು ಕಡಿಮೆಯಾಗುತ್ತದೆ. ಗೆದ್ದಲು ಎಷ್ಟೇ ತರಗು ತಿಂದರೂ ಮುಂದಿನ ಬೇಸಿಗೆಯಲ್ಲಿ ಮರ ಉದುರಿಸುವ ಎಲೆ ಅದರಿಂದ ತಗ್ಗುವುದಿಲ್ಲ. ಭೇದವಿರುವುದು ಇಲ್ಲಿ.

ಆಕ್ಷೇಪ: ಕೊಳೆತ ಎಲೆಯ ಸಾರಜನಕ, ರಂಜಕಗಳು ಬೇರಿಗೆ ಸಿಕ್ಕಿ ಮರ ಇನ್ನಷ್ಟು ಚಿಗುರುತ್ತದೆ. ಅಂದಮೇಲೆ ಇವುಗಳೂ ಆಹಾರದ ಹುಟ್ಟುವಳಿಯನ್ನು ಬದಲಿಸಿದವಲ್ಲವೇ?

ಸಮಾಧಾನ: ಹೌದು, ಆದರೆ ಮಣ್ಣಿನ ಮೂಲಕ ಸುತ್ತುಬಳಸಿ, ಅದೂ ಹೆಚ್ಚಿಸುವ ಕಡೆಗೆ. ತಿನ್ನುವ ಕ್ರಿಯೆಯೇ ಆಹಾರದ ಮೂಲವನ್ನು ಕುಗ್ಗಿಸುವುದಿಲ್ಲ.

ಆಕ್ಷೇಪ: ಹಾಗಾದರೆ ರಾಮನಗರದ ರಣಹದ್ದನ್ನೂ ಎರೆಹುಳುವಿನ ಪಂಕ್ತಿಯಲ್ಲೇ ಕೂರಿಸಬೇಕು.

ಸಮಾಧಾನ: ಕೊಲ್ಲದೆ ತಿನ್ನುವ ಮಟ್ಟಿಗೆ ಸರಿ. ಆದರೆ ಹದ್ದು ಹೆಣದ ಮಾಂಸವನ್ನು ಕಿತ್ತು ತಿಂದು ಮೂಳೆ ಉಳಿಸಿ ಹಾರುತ್ತದೆ. ಎರೆಹುಳು ಅರೆಗೊಳೆತ ಚೂರನ್ನು ಮಣ್ಣಿನೊಡನೆ ನುಂಗುತ್ತದೆ.

ಆಕ್ಷೇಪ: ತರಗು ತಿನ್ನುವುದು, ಕೊಳೆಯಿಸುವುದು ಒಂದೇ ಕೆಲಸಕ್ಕೆ ಎರಡು ಹೆಸರಷ್ಟೆ.

ಸಮಾಧಾನ: ಅಲ್ಲ. ಸಹಸ್ರಪದಿ ಎಲೆಯನ್ನು ಅಗಿದು ಹೊಟ್ಟೆಯೊಳಗೆ ಅರಗಿಸುತ್ತದೆ. ಅರಗದ ಬಹುಪಾಲು ಹಿಕ್ಕೆಯಾಗಿ ಹೊರಬರುತ್ತದೆ. ಅಣಬೆಗೆ ಬಾಯಿಲ್ಲ. ಅದರ ಎಳೆಗಳು ಕಿಣ್ವವನ್ನು ಹೊರಗೆ ಸುರಿಸಿ, ಅಲ್ಲಿ ಕರಗಿದ್ದನ್ನು ಹೀರುತ್ತವೆ. ಪುಡಿಯಾದ ಹಿಕ್ಕೆ ಅವಕ್ಕೆ ಸುಲಭದ ತುತ್ತು. ಹುತ್ತ ಕಟ್ಟುವ ಕೆಲವು ಗೆದ್ದಲುಗಳಂತೂ ಒಳಗೆ ಶಿಲೀಂಧ್ರವನ್ನು ಬೆಳೆಸಿ, ತಮಗೆ ಅರಗದ ಮರದ ನಾರನ್ನು ಅದರಿಂದ ಮೆದುವಾಗಿಸಿಕೊಂಡು ತಿನ್ನುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೇಳುವ ಅಣಬೆ ಆ ಶಿಲೀಂಧ್ರದ್ದೇ. ಕೆಲಸ ಒಂದೇ ಆಗಿದ್ದರೆ ಈ ಜೊತೆಗಾರಿಕೆ ಬೇಕಿರಲಿಲ್ಲ.

ಆಕ್ಷೇಪ: ಅಡಿಕೆ ತೋಟದ ಅಣಬೆ ರೋಗಕ್ಕೆ ಕಾರಣವಾದ ಶಿಲೀಂಧ್ರ ಸತ್ತ ಬುಡದಲ್ಲೂ ಬದುಕುತ್ತದೆ, ಜೀವಂತ ಮರವನ್ನೂ ಕೊಲ್ಲುತ್ತದೆ. ವಿಭಾಗ ಮುರಿಯಿತು.

ಸಮಾಧಾನ: ಮುರಿಯಲಿಲ್ಲ. ವಿಭಾಗ ಮಾಡಿದ್ದು ಕೆಲಸವನ್ನು, ಜೀವಿಯ ಕುಲವನ್ನಲ್ಲ. ಜೀವಂತ ಬೇರಿಗೆ ನುಗ್ಗಿದಾಗ ಅದು ಪರಾವಲಂಬಿ, ಸತ್ತ ಬುಡದಲ್ಲಿದ್ದಾಗ ವಿಘಟಕ.

ನಿರ್ಣಯ: ಯಾವ ಜೀವಿಯನ್ನಾದರೂ ಎರಡು ಪ್ರಶ್ನೆ ಕೇಳಬೇಕು. ನೀನು ತಿಂದರೆ ನಿನ್ನ ಆಹಾರದ ಮೂಲ ಕುಗ್ಗುತ್ತದೆಯೇ? ಅರಗಿಸುವುದು ದೇಹದ ಒಳಗೋ ಹೊರಗೋ? ಮೊದಲನೆಯದು ಸತ್ತದ್ದನ್ನು ತಿನ್ನುವವರನ್ನು ಬೇಟೆಗಾರ, ಮೇಯುವವ, ಪರಾವಲಂಬಿಗಳಿಂದ ಬೇರ್ಪಡಿಸುತ್ತದೆ. ಎರಡನೆಯದು ಎರೆಹುಳುವನ್ನು ಅಣಬೆಯಿಂದ.