ಯಾತ್ರೆಯೋ ಪ್ರವಾಸವೋ: ಬಾಳೂರಿನಿಂದ ಕಡಲಿಗೆ ಇಳಿಯುವ ದಾರಿ

ಕಣ್ಣಿಗೆ ಹಿತವಾದ ದಾರಿಯನ್ನೇ ಆರಿಸಿಕೊಂಡು, ನಡುವಿನ ಪೇಟೆಗಳಲ್ಲಿ ತಂಗುತ್ತ ದೇವರ ದರ್ಶನಕ್ಕೆ ಹೋಗುವುದು ತೀರ್ಥಯಾತ್ರೆ ಎನಿಸೀತೇ ಎಂಬ ಪ್ರಶ್ನೆ ಹಳೆಯದು. ಮೂಡಿಗೆರೆ ತಾಲ್ಲೂಕಿನ ಬಾಳೂರಿನಂಥ ಊರಿನಲ್ಲಿ ಅದಕ್ಕೊಂದು ಕಾಲವೂ ಇದೆ. ರೊಬಸ್ಟಾ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಬಿಡುವು ಘಟ್ಟ ಇಳಿಯಲು ಹೇಳಿ ಮಾಡಿಸಿದ ಸಮಯ. ಕೊಟ್ಟಿಗೆಹಾರದಿಂದ ಚಾರ್ಮಾಡಿ, ಉಜಿರೆ, ಧರ್ಮಸ್ಥಳ. ಅಲ್ಲಿಂದ ಕಾರ್ಕಳದ ಮೇಲೆ ಉಡುಪಿ. ಮುಂದೆ ಕಡಲ ಪಕ್ಕದ ಹೆದ್ದಾರಿ ಹಿಡಿದು ಮರವಂತೆ, ಮುರುಡೇಶ್ವರ, ಗೋಕರ್ಣ. ದೇವಸ್ಥಾನ, ಮಲ್ಪೆಯ ಬೀಚು, ಪೇಟೆಯ ಬಟ್ಟೆ ಅಂಗಡಿ ಎಲ್ಲವೂ ಒಂದೇ ಪಟ್ಟಿಯಲ್ಲಿ ಸೇರುತ್ತವೆ.

ಇಂಥ ಬೆರಕೆ ಪ್ರಯಾಣದ ಬಗ್ಗೆ ಧರ್ಮಶಾಸ್ತ್ರ ಸುಮ್ಮನಿರಲಿಲ್ಲ. 12ನೆಯ ಶತಮಾನದ ಲಕ್ಷ್ಮೀಧರ ತನ್ನ ಕೃತ್ಯಕಲ್ಪತರುವಿನಲ್ಲಿ ತೀರ್ಥಗಳಿಗೆಂದೇ ಒಂದು ಕಾಂಡ ಬರೆದ. 16ನೆಯ ಶತಮಾನದ ನಾರಾಯಣ ಭಟ್ಟ ಅದೇ ವಿಷಯಕ್ಕೆ ತ್ರಿಸ್ಥಲೀಸೇತು ಎಂಬ ಗ್ರಂಥವನ್ನೇ ಮೀಸಲಿಟ್ಟ. ಈ ಪರಂಪರೆ ಒಪ್ಪಿದ ಒಂದು ನಿಯಮ ಹೀಗಿದೆ: ಬೇರೆ ಕೆಲಸಕ್ಕೆ ಹೊರಟವನು ದಾರಿಯಲ್ಲಿ ಸಿಕ್ಕ ತೀರ್ಥದಲ್ಲಿ ಮಿಂದರೆ ಸ್ನಾನದ ಫಲ ಉಂಟು, ಯಾತ್ರೆಯ ಫಲವಿಲ್ಲ. ವಾಹನವೇರಿ ಹೋದವನಿಗೂ ಫಲ ಕಡಿಮೆ. ಮೇಲುನೋಟಕ್ಕೆ ಇದು ಜಿಪುಣ ಲೆಕ್ಕ. ಆದರೆ ಅದು ಅಳೆಯುವುದು ದೂರವನ್ನಲ್ಲ, ಮನಸ್ಸು ಯಾವುದಕ್ಕೆಂದು ಹೊರಟಿತು ಎಂಬುದನ್ನು. ಹೊರಡುವ ಮೊದಲೇ ಸಂಕಲ್ಪ ಮಾಡಬೇಕೆಂಬ ವಿಧಿಯ ಮರ್ಮವೂ ಇಷ್ಟೇ. ಮಹಾಭಾರತದ ವನಪರ್ವ ಇನ್ನೂ ಮುಂದೆ ಹೋಗಿ, ಕೈ, ಕಾಲು, ಮನಸ್ಸು ಹಿಡಿತದಲ್ಲಿರುವವನಿಗೇ ತೀರ್ಥದ ಫಲ ಎನ್ನುತ್ತದೆ. ಹಣ ಬೇಡುವ ಯಜ್ಞಗಳು ಬಡವನಿಗೆ ಎಟುಕವು, ತೀರ್ಥ ಎಟುಕುತ್ತದೆ ಎಂದೂ ಸೇರಿಸುತ್ತದೆ.

12ನೆಯ ಶತಮಾನದ ಶರಣರು ಪ್ರಶ್ನೆಯ ಬುಡಕ್ಕೇ ಕೈ ಹಾಕಿದರು. ದೇಹವೇ ದೇಗುಲವಾದ ಮೇಲೆ ನೀರು ಕಂಡಲ್ಲಿ ಮುಳುಗುವುದೇಕೆ ಎಂಬುದು ಅವರ ವಾದ. ಆದರೂ ಅವರು ಕೂತಲ್ಲೇ ಕೂತವರಲ್ಲ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದಳು. ಶರಣರು ತಿರಸ್ಕರಿಸಿದ್ದು ನೀರಿನಿಂದ ಪುಣ್ಯ ಕೊಳ್ಳುವ ವ್ಯಾಪಾರವನ್ನು, ನಡೆಯುತ್ತ ಬದಲಾಗುವುದನ್ನಲ್ಲ. ಬಾಳೂರಿನವರಿಗೆ ಈ ವಾದ ಹೆಚ್ಚು ತಟ್ಟಬೇಕು. ಭದ್ರೆಯ ದಡದ ಕಳಸೇಶ್ವರ, ಹೊರನಾಡಿನ ಅನ್ನಪೂರ್ಣೇಶ್ವರಿ, ಮಧ್ವಾಚಾರ್ಯರ ಹೆಸರು ಹೊತ್ತ ಬಂಡೆಯಿರುವ ಅಂಬಾತೀರ್ಥ ಎಲ್ಲವೂ ಹತ್ತಿರದಲ್ಲೇ ಇವೆ. ಬರೀ ಸ್ನಾನ, ದರ್ಶನಗಳೇ ಗುರಿಯಾದರೆ ಘಟ್ಟ ಇಳಿಯುವ ಅಗತ್ಯವೇ ಇಲ್ಲ. ಮನೆ, ಅಭ್ಯಾಸ, ಅಧಿಕಾರಗಳನ್ನು ಕೆಲವು ದಿನ ಬಿಟ್ಟಿರುವುದಕ್ಕಾಗಿ ಹೋಗಬೇಕು.

ಹಾಗಾದರೆ ದಾರಿಯ ಚೆಲುವು ಭಕ್ತಿಗೆ ಅಡ್ಡಿಯೇ? ಅಲ್ಲವೆನ್ನಲು ಕರಾವಳಿಯಲ್ಲೇ ದೊಡ್ಡ ಸಾಕ್ಷಿಯಿದೆ. ಕುಂದಾಪುರದ ಬಳಿಯ ಹೂವಿನಕೆರೆಯಲ್ಲಿ ಹುಟ್ಟಿ ಸೋದೆ ಮಠದ ಯತಿಗಳಾದ ವಾದಿರಾಜರು 16ನೆಯ ಶತಮಾನದಲ್ಲಿ ತಾವು ಕಂಡ ಕ್ಷೇತ್ರಗಳನ್ನು ಕುರಿತು ಸಂಸ್ಕೃತದಲ್ಲಿ ತೀರ್ಥಪ್ರಬಂಧ ರಚಿಸಿದರು. ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂಬ ನಾಲ್ಕು ಭಾಗಗಳ ಆ ಕಾವ್ಯದಲ್ಲಿ ನದಿ, ಕಡಲು, ಊರುಗಳ ವರ್ಣನೆಯೇ ಸ್ತುತಿಯಾಗಿದೆ. ಶಾಸ್ತ್ರ ಬಲ್ಲ ಸನ್ಯಾಸಿಗೆ ನೋಟದ ಸಂತೋಷ ಪಾಪವೆನಿಸಲಿಲ್ಲ.

ಅದಕ್ಕೆ ಕಾರಣವೂ ಇದೆ. ಈ ಸೀಮೆಯಲ್ಲಿ ದೃಶ್ಯವೇ ತೀರ್ಥ. ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಮೂಡಣಕ್ಕೆ ಹರಿದು ಕಾವೇರಿ ಸೇರುತ್ತದೆ. ಗಂಗಾಮೂಲದ ಕಡೆಯಿಂದ ಬರುವ ನೇತ್ರಾವತಿ ಧರ್ಮಸ್ಥಳದ ಸ್ನಾನಘಟ್ಟ ದಾಟಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕಿಳಿಯುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ನಿಂತು ನೋಡುವ ಕಣಿವೆಯ ನೀರೇ ಕೆಳಗೆ ಭಕ್ತರು ಮೀಯುವ ನೀರು. ಸಮುದ್ರದ ವಿಷಯದಲ್ಲಂತೂ ಶಾಸ್ತ್ರ ಹೆಚ್ಚು ಬಿಗಿ: ಅಮಾವಾಸ್ಯೆಯಂಥ ಪರ್ವದಿನಗಳ ಹೊರತು ಅದರಲ್ಲಿ ಮೀಯಬಾರದು. ಆದರೂ ಗೋಕರ್ಣದಲ್ಲಿ ಯಾತ್ರಿಕರು ಸಮುದ್ರದಲ್ಲೂ ಕೋಟಿತೀರ್ಥದಲ್ಲೂ ಮಿಂದು ಮಹಾಬಲೇಶ್ವರನ ಮುಂದೆ ನಿಲ್ಲುತ್ತಾರೆ. ಅಲೆಯಲ್ಲಿ ಆಡುವವರೂ ಮೀಯುವವರೂ ಇಳಿಯುವುದು ಒಂದೇ ಕಡಲಿಗೆ. ಹೇಗೆ ಇಳಿದರು ಎಂಬುದರಲ್ಲಿ ವ್ಯತ್ಯಾಸ.

ಪೇಟೆಯ ತಂಗುದಾಣವನ್ನು ಲೌಕಿಕವೆಂದು ಬದಿಗಿಡುವುದೂ ತಪ್ಪು. ಉಡುಪಿಯ ರಥಬೀದಿಯ ಸುತ್ತ ಎಂಟು ಮಠಗಳಿವೆ; ಎರಡು ವರ್ಷಕ್ಕೊಮ್ಮೆ ಪರ್ಯಾಯದಲ್ಲಿ ಕೃಷ್ಣನ ಪೂಜೆಯ ಹೊಣೆ ಕೈ ಬದಲಾಗುವಾಗ ಇಡೀ ಪೇಟೆಯೇ ಆತಿಥ್ಯಕ್ಕೆ ನಿಲ್ಲುತ್ತದೆ. ಧರ್ಮಸ್ಥಳದಲ್ಲಿ ದೇವರು ಶಿವ, ಅರ್ಚಕರು ವೈಷ್ಣವರು, ಹೆಗ್ಗಡೆಯವರು ಜೈನರು. ಕಾರ್ಕಳದಲ್ಲಿ 1432ರ ಬಾಹುಬಲಿಯೂ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯೂ ಒಂದೇ ಊರಿನ ಆಸುಪಾಸಿನಲ್ಲಿವೆ. ತನ್ನದಲ್ಲದ ದೇವರ ಮುಂದೆ ತಲೆಬಾಗುವುದನ್ನು ಈ ದಾರಿಯಷ್ಟು ಸಹಜವಾಗಿ ಕಲಿಸುವ ದಾರಿ ಅಪರೂಪ.

ಪ್ರಯಾಣದ ಯೋಜನೆಗೆ ಇದರಿಂದ ಒಂದು ಅಳತೆ ಸಿಗುತ್ತದೆ. ಹೊತ್ತಿಗೊಂದು ಜಾಗ ಮುಗಿಸುವ ಪಟ್ಟಿಯಲ್ಲಿ ಆಯಾ ಊರಿನ ದಿನಚರಿಗೆ ಎಡೆಯಿರುವುದಿಲ್ಲ. ಬಾಗಿಲು ಮುಚ್ಚಿದ್ದರೆ ಕಾಯುವುದು, ಊಟದ ಪಂಕ್ತಿಯಲ್ಲಿ ಸಿಕ್ಕ ಜಾಗದಲ್ಲಿ ಕೂರುವುದು, ಘಟ್ಟ ಬೇಡವೆಂದಾಗ ನಿಲ್ಲುವುದು ಇಂದಿನ ವ್ರತನಿಯಮಗಳು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿತ್ತು. ಮಳೆಗಾಲದಲ್ಲಿ ಅಲ್ಲಿನ ಜಾರುಬಂಡೆಗಳ ಮೇಲೆ ಹತ್ತಿ ಫೋಟೊ ತೆಗೆದುಕೊಂಡು, ಬಾಟಲಿಗಳನ್ನು ಕಣಿವೆಗೆಸೆದು ಮುಂದೆ ಹೋಗಿ ನೇತ್ರಾವತಿಯಲ್ಲಿ ಮೀಯುವವರಿಗೆ ವನಪರ್ವದ ಮಾತಿನ ಪ್ರಕಾರ ಸ್ನಾನದ ಫಲವೂ ಸಿಗದು. ಕಾರಿನಲ್ಲಿ ಹೋದರೂ, ಕಡಲು ನೋಡಿ ಹಿಗ್ಗಿದರೂ, ಕೈ ಹಿಡಿತದಲ್ಲಿದ್ದವರದು ಯಾತ್ರೆಯೇ.