ಸಾಲದ ಹಣದ ಉದ್ಯಾಪನೆ

ಭಾದ್ರಪದ ಶುಕ್ಲ ಚತುರ್ದಶಿಯಂದು ಅನಂತನ ನೋಂಪಿಯನ್ನು ಹಿಡಿದವರು 14 ವರ್ಷಗಳ ಕಾಲ ಅದನ್ನು ತಪ್ಪದೆ ನಡೆಸಿ, ಕೊನೆಯಲ್ಲಿ ಉದ್ಯಾಪನೆ ಮಾಡುವುದು ರೂಢಿ. ಹದಿನಾಲ್ಕನೆಯ ತೀರ್ಥಂಕರರಾದ ಅನಂತನಾಥರ ಆರಾಧನೆ, ಬಸದಿಗೆ ಪೂಜೋಪಕರಣಗಳು, ಪಾತ್ರದಾನ, ಸಹಧರ್ಮಿಗಳಿಗೆ ಭೋಜನ, ಇವಿಷ್ಟೇ ಅದರ ಅಂಗಗಳು. ಆದರೆ ಅನೇಕ ಊರುಗಳಲ್ಲಿ ಇಂದು ಉದ್ಯಾಪನೆಯೆಂದರೆ ಸಣ್ಣದೊಂದು ಮದುವೆಯ ಖರ್ಚು. ಚಪ್ಪರ, ವಾದ್ಯ, ಬಣ್ಣದಲ್ಲಿ ಅಚ್ಚು ಹಾಕಿಸಿದ ಆಮಂತ್ರಣ, ಬಂದವರಿಗೆಲ್ಲ ಉಡುಗೊರೆ. ಕೈಯಲ್ಲಿ ಹಣವಿಲ್ಲದವರು ಸಾಲ ತರುತ್ತಾರೆ. ಹಾಗೆ ಸಾಲ ತಂದು ಮುಗಿಸಿದ ವ್ರತವು ನಿಜವಾಗಿ ಮುಗಿದಂತಾಯಿತೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದರಲ್ಲಿ ದೋಷವೇನಿದೆ ಎಂದು ಕೇಳುವವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೊಟ್ಟವನು ತಿಳಿದೇ ಕೊಟ್ಟಿದ್ದಾನೆ. ತಂದವನು ತೀರಿಸುವೆನೆಂದು ಒಪ್ಪಿದ್ದಾನೆ. ಆದ್ದರಿಂದ ಅಚೌರ್ಯಕ್ಕೆ ಭಂಗವಿಲ್ಲ. ಹಣವು ಹೋದದ್ದು ಧರ್ಮಕಾರ್ಯಕ್ಕೆ, ದುರ್ವ್ಯಸನಕ್ಕಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ನಾಡೆಲ್ಲ ಕೊಂಡಾಡುವಾಗ, ಬಡವನೊಬ್ಬನು ಕಡ ತಂದಾದರೂ ಒಂದು ದಿನ ಕೈ ಬಿಚ್ಚಬಾರದೇ?

ಅತ್ತಿಮಬ್ಬೆಯ ಹೆಸರನ್ನು ಇಲ್ಲಿಗೆ ಎಳೆದು ತರುವುದು ಅಷ್ಟು ಉಚಿತವಲ್ಲ. ಆಕೆ ಕೊಟ್ಟದ್ದು ತನ್ನಲ್ಲಿ ಇದ್ದುದರಿಂದ. ಉಳಿದ ವಾದಕ್ಕೆ ಉತ್ತರವನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅರಸಬೇಕು. ಉಮಾಸ್ವಾಮಿಗಳು ದಾನದ ಲಕ್ಷಣವನ್ನು ಹೇಳುವಾಗ, ಅನುಗ್ರಹಕ್ಕಾಗಿ ‘ಸ್ವ’ವನ್ನು ಬಿಟ್ಟುಕೊಡುವುದೇ ದಾನವೆಂದಿದ್ದಾರೆ. ಇಲ್ಲಿಯ ‘ಸ್ವ’ ಎಂಬುದಕ್ಕೆ ಪೂಜ್ಯಪಾದರು ಧನವೆಂದು ಅರ್ಥ ಮಾಡಿರುವುದು ನಿಜ. ಆದರೂ ಆ ಶಬ್ದವು ತನ್ನದೆಂಬ ಭಾವವನ್ನು ಬಿಟ್ಟು ನಿಲ್ಲಲಾರದು. ತನ್ನದಾಗಿದ್ದುದರ ಮೇಲಿನ ಮಮತೆಯನ್ನು ಕಡಿದುಕೊಂಡಾಗಲಷ್ಟೇ ದಾನದಲ್ಲಿ ತ್ಯಾಗವುಂಟು.

ಸಾಲದ ಹಣವನ್ನು ಕೊಟ್ಟವನು ಯಾವುದನ್ನು ಕಡಿದುಕೊಂಡನು? ಲೋಕವ್ಯವಹಾರದಲ್ಲಿ ಆ ಹಣಕ್ಕೆ ಅವನೇ ಒಡೆಯನೆಂಬುದನ್ನು ಒಪ್ಪಬಹುದು. ಆದರೆ ಕೊಟ್ಟ ಆ ದಿನ ಅವನ ಪಾಲಿನ ಯಾವುದೂ ಕಡಿಮೆಯಾಗಲಿಲ್ಲ. ಕಡಿಮೆಯಾಗತೊಡಗುವುದು ಮುಂದಿನ ತಿಂಗಳಿನಿಂದ: ಮಗಳ ಓದಿನ ಶುಲ್ಕ, ಮುದುಕ ತಂದೆಯ ಔಷಧ, ಹೆಂಡತಿಯ ಕೈಬಳೆ. ಈ ಮೂವರಲ್ಲಿ ಯಾರನ್ನೂ ಯಾರೂ ಕೇಳಿರಲಿಲ್ಲ. ದಾನಿಯೆಂದು ಹೆಸರು ಒಬ್ಬನದು; ಬಿಟ್ಟುಕೊಟ್ಟವರು ಬೇರೆಯವರು. ಅದೂ ಮನಸ್ಸಾರೆ ಬಿಟ್ಟುಕೊಟ್ಟದ್ದಲ್ಲ.

ಲೆಕ್ಕವನ್ನೂ ಒಮ್ಮೆ ನೋಡತಕ್ಕದ್ದು. ಖಾಸಗಿಯಾಗಿ ತಂದ 1 ಲಕ್ಷ ರೂಪಾಯಿಗೆ ‘ಮೂರು ರೂಪಾಯಿ ಬಡ್ಡಿ’ ಎಂದರೆ ಕಿವಿಗೆ ಎಷ್ಟು ಹಗುರ! ಅದು ನೂರಕ್ಕೆ ತಿಂಗಳಿಗೆ 3 ರೂಪಾಯಿ; ತಿಂಗಳಿಗೆ 3,000, ವರ್ಷಕ್ಕೆ 36,000. ಬಡ್ಡಿಯನ್ನಷ್ಟೇ ಕಟ್ಟುತ್ತ ಬಂದರೆ 3 ವರ್ಷಗಳಲ್ಲಿ 1,08,000 ರೂಪಾಯಿ ಕೈಬಿಟ್ಟಿರುತ್ತದೆ, ಅಸಲು ಹಾಗೆಯೇ ಇರುತ್ತದೆ. ಒಂದು ದಿನದ ಭೋಜನವನ್ನು ಉಂಡವರು ಮರೆತು ಎಷ್ಟೋ ಕಾಲವಾದ ಮೇಲೂ ಆ ಮನೆಯವರು ಅದಕ್ಕೆ ಬೆಲೆ ತೆರುತ್ತಿರುತ್ತಾರೆ. ಬಂಧುಗಳಿಂದ ಬಡ್ಡಿಯಿಲ್ಲದೆ ತಂದ ಕೈಗಡವು ಇದಕ್ಕಿಂತ ಮೇಲೆನ್ನಬಹುದು. ಆದರೆ ಅಲ್ಲಿ ಬೇರೊಂದು ಅಪಾಯ. ನಂಬಿ ಇಟ್ಟವನು ತಾನಿಟ್ಟದ್ದೆಷ್ಟೆಂದು ಮರೆತು ಕಡಿಮೆ ಕೇಳಿದಾಗ ಹಾಗೆಯೇ ಆಗಲೆಂದು ಒಪ್ಪಿಬಿಡುವುದನ್ನು ಆಚಾರ್ಯರು ನ್ಯಾಸಾಪಹಾರವೆಂದು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ವಯಸ್ಸಾದ ಅತ್ತೆಯೋ ಚಿಕ್ಕಮ್ಮನೋ ಕೊಟ್ಟ ಹಣವನ್ನು ಮರೆತರೆ, ನೆನಪಿಸುವ ಧೈರ್ಯ ಎಷ್ಟು ಮಂದಿಗೆ ಬಂದೀತು?

ಘಟ್ಟದ ಕೆಳಗಿನ ಒಂದು ಮನೆಯನ್ನು ಓದುಗರು ಊಹಿಸಿಕೊಳ್ಳಬಹುದು. ತುಸು ಅಡಕೆಯ ತೋಟ. ಮಗನಿಗೆ ಪೇಟೆಯಲ್ಲಿ ಸಣ್ಣ ಸಂಬಳದ ಕೆಲಸ. ಗೃಹಿಣಿಯು ಅನಂತನ ನೋಂಪಿಯನ್ನು ಹಿಡಿದು 14 ವರ್ಷಗಳು ತುಂಬಿವೆ. ಆ ವರ್ಷ ಅಡಕೆಗೆ ಕೊಳೆರೋಗ ತಗುಲಿ ಫಸಲು ನೆಲಕ್ಕುದುರಿದೆ. ಹಿಂದಿನ ವರ್ಷವೇ ಆಕೆಯ ಓರಗಿತ್ತಿಯ ಉದ್ಯಾಪನೆ ಅದ್ದೂರಿಯಾಗಿ ನಡೆದಿದೆ. ನೆರೆಕರೆಯವರು ಏನೆಂದಾರೋ ಎಂದು ಯಜಮಾನರಿಗೆ ಸಂಕೋಚ. ಮಗನೆನ್ನುತ್ತಾನೆ: “ಅಮ್ಮ, ಜನ್ಮದಲ್ಲಿ ಒಮ್ಮೆ ಮಾಡುವ ಕಾರ್ಯ. ಈಗ ಫೋನಿನಲ್ಲೇ ಸಾಲ ಸಿಗುತ್ತದೆ. ನಾನು ತಿಂಗಳು ತಿಂಗಳು ಕಟ್ಟುತ್ತೇನೆ.” ತಾಯಿ ಕೇಳುವುದು ಇಷ್ಟೇ: “ಕಂತು ಕಟ್ಟುವ ದಿನವೂ ನನ್ನ ಉಪವಾಸದ ದಿನವೂ ಒಂದೇ ಆಗಿ ಬಂದರೆ ಮಗಾ, ನಾನು ಯಾವುದನ್ನು ನೆನೆಯುತ್ತ ಕೂರಲಿ?”

ಆಕೆಯ ಮಾತಿನಲ್ಲಿ ಶಾಸ್ತ್ರವಿದೆ. ಬೇಡದ್ದು ಬಂದು ಅಂಟಿಕೊಂಡಾಗ ಅದು ಎಂದು ತೊಲಗೀತೆಂದು ಮನಸ್ಸು ಎಡೆಬಿಡದೆ ಕೊರಗುವುದು ಆರ್ತಧ್ಯಾನದ ಒಂದು ಭೇದ. ಉಪವಾಸದಲ್ಲಿ ಹೊಟ್ಟೆಯನ್ನು ಬರಿದಾಗಿಸಿ ಮನಸ್ಸಿನಲ್ಲಿ ಕಂತನ್ನು ತುಂಬಿಕೊಂಡರೆ ಅದು ಲಂಘನವೇ ಹೊರತು ಉಪವಾಸವಾಗದು. ಇದಕ್ಕೂ ಮಿಗಿಲಾದ ಮಾತೊಂದಿದೆ. ಶಲ್ಯವಿಲ್ಲದವನೇ ವ್ರತಿಯೆಂಬುದು ಸೂತ್ರಕಾರರ ಅಭಿಪ್ರಾಯ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಮಾಯೆಯೆಂದರೆ ಒಳಗೊಂದು ಹೊರಗೊಂದು. ಇಲ್ಲದ ಸಿರಿಯನ್ನು ಒಂದು ದಿನದ ಮಟ್ಟಿಗೆ ತಂದು ಸಹಧರ್ಮಿಗಳೆದುರು ಹರಡಿದಾಗ, 14 ವರ್ಷಗಳ ನಿಷ್ಠೆಯ ತುದಿಯಲ್ಲಿ ಮುಳ್ಳೊಂದನ್ನು ತಾನಾಗಿ ಚುಚ್ಚಿಕೊಂಡಂತಾಗುತ್ತದೆ. ಅದನ್ನು ಕಂಡ ಮತ್ತೊಂದು ಬಡ ಮನೆಯೂ ಮರುವರ್ಷ ಸಾಲಕ್ಕೆ ಹೊರಡುತ್ತದೆ.

ಪರಿಗ್ರಹಪರಿಮಾಣ ಹೊಂದಿದವರಲ್ಲಿ ಇನ್ನೊಂದು ಬಗೆಯ ಜಾಣತನ ಕಂಡುಬರುತ್ತದೆ. 10 ಲಕ್ಷಕ್ಕೆ ಮಿತಿ ಹಾಕಿಕೊಂಡವನು 15 ಲಕ್ಷ ಸಾಲ ತಂದು 25 ಲಕ್ಷದ ನಿವೇಶನ ಕೊಳ್ಳುತ್ತಾನೆ. 15 ಲಕ್ಷ ಪರರದು, ತನ್ನದು 10 ಲಕ್ಷವೇ, ವ್ರತಕ್ಕೆ ಭಂಗವಿಲ್ಲ ಎನ್ನುತ್ತಾನೆ. ಪರಿಗ್ರಹವು ಮೂರ್ಛೆಯಲ್ಲಿದೆಯೇ ಹೊರತು ಪತ್ರದಲ್ಲಿಲ್ಲ. ನಿವೇಶನದ ಎಲ್ಲ ಮೂಲೆಗಳ ಮೇಲೂ ಮಮತೆ ಅವನದೇ. ಸಮಂತಭದ್ರರು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲಿಗೆ ಹೇಳಿದ್ದು ಅತಿವಾಹನವನ್ನು, ಲೋಭದಿಂದ ಎತ್ತು ಮೊದಲಾದವನ್ನು ಅವುಗಳ ಶಕ್ತಿಗೆ ಮೀರಿ ನಡೆಸುವುದನ್ನು. ಕೊನೆಯದು ಅತಿಭಾರವಹನ. ಎತ್ತಿನ ಗಾಡಿಗಳು ವಿರಳವಾದ ಈ ಕಾಲದಲ್ಲಿ ಈ ಎರಡು ಮಾತುಗಳು ಹಳತಾದಂತೆ ತೋರಬಹುದು. ಇಪ್ಪತ್ತು ವರ್ಷಗಳ ಮುಂದಿನ ದುಡಿಮೆಯನ್ನು ಇಂದೇ ನೊಗಕ್ಕೆ ಕಟ್ಟಿದ ಸಂಸಾರಗಳನ್ನು ಕಂಡವರಿಗೆ ಹಾಗೆ ತೋರಲಿಕ್ಕಿಲ್ಲ.

ಹಾಗೆಂದು ಸಾಲವೆಲ್ಲ ಪಾಪವೆಂದು ಸಾರುವುದು ಅವಿವೇಕ. ಬಿತ್ತನೆಗೆ, ಬೇನೆಗೆ ತಂದ ಸಾಲ ಬೇರೆ. ಲೇವಾದೇವಿಯವರ ಬಡ್ಡಿಯಿಂದ ರೈತನನ್ನು ಬಿಡಿಸಲೆಂದೇ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರಿ ಪತ್ತಿನ ಸಂಘವು ಹುಟ್ಟಿತು. ಅದನ್ನು ಯಾರೂ ಅಧರ್ಮವೆನ್ನಲಾರರು. ಬೆಳೆಯುವ ಪೈರು ಆ ಸಾಲವನ್ನು ತೀರಿಸುವ ಆಸೆಯಿದೆ. ಉದ್ಯಾಪನೆಯ ಚಪ್ಪರದಿಂದ ಬೆಳೆಯುವುದೇನೂ ಇಲ್ಲ.

ವಿಚಿತ್ರವೆಂದರೆ, ಸಾಲ ಮಾಡುವವರು ಎರಡು ಸಂಗತಿಗಳನ್ನು ಮರೆತಿರುತ್ತಾರೆ. ಒಂದು, ವ್ರತದ ಅವಧಿಯು ಹಿಡಿದ ದಿನವೇ ಗೊತ್ತಿರುವುದು. ಮದುವೆಯೋ ರೋಗವೋ ಹೇಳದೆ ಬಂದೀತು; ಅನಂತನ ನೋಂಪಿಯ ಹದಿನಾಲ್ಕನೆಯ ಚತುರ್ದಶಿಯು ಹೇಳಿಯೇ ಬರುತ್ತದೆ. 14 ವರ್ಷಗಳೆಂದರೆ 168 ತಿಂಗಳು. ತಿಂಗಳಿಗೆ 500 ರೂಪಾಯಿ ತೆಗೆದಿಟ್ಟರೆ 84,000. ಅಂಚೆ ಕಚೇರಿಯ 5 ವರ್ಷದ ಆರ್.ಡಿ. ಖಾತೆಯನ್ನು ಮತ್ತೆ ಮತ್ತೆ ತೆರೆಯುತ್ತ ಬಂದರೆ ಬಡ್ಡಿಯೂ ಸೇರುತ್ತದೆ. 500 ಸಾಧ್ಯವಿಲ್ಲದವರು 100 ಇಡಲಿ. ಉದ್ಯಾಪನೆಯೂ ಅಷ್ಟರಲ್ಲೇ ನಡೆಯಲಿ. ಉಪವಾಸದ ದಿನ ಅಡುಗೆಮನೆಯಲ್ಲಿ ಉಳಿದದ್ದನ್ನೂ ಇದಕ್ಕೆ ಕೂಡಿಸುವ ಮನೆಗಳುಂಟು. ಅದು ಸರಿಯೇ; ಆದರೆ ಉಪವಾಸವಿರುವುದು ಕರ್ಮನಿರ್ಜರೆಗೇ ಹೊರತು ಅಕ್ಕಿಯ ಉಳಿತಾಯಕ್ಕಲ್ಲ.

ಎರಡನೆಯದು ಇನ್ನೂ ಮುಖ್ಯವಾದುದು. ಉದ್ಯಾಪನೆಯ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಬೇಕೆಂದು ವ್ರತವಿಧಾನಗಳೇ ದಾರಿ ತೋರಿವೆ. ಇದು ಬಡವನಿಗೆ ವಿಧಿಸಿದ ದಂಡವಲ್ಲ. ಉಳ್ಳವನು ಧನದಿಂದ ಮುಗಿಸಬಹುದಾದುದನ್ನು ಇಲ್ಲದವನು ತಪಸ್ಸಿನಿಂದ ಮುಗಿಸಬಹುದು, ಎರಡೂ ಸಮವೆಂದು ಹಿರಿಯರು ಕಂಡುಕೊಂಡಿದ್ದರು. ಇಷ್ಟು ಸ್ಪಷ್ಟವಾಗಿ ತೆರೆದ ಬಾಗಿಲನ್ನು ಬಿಟ್ಟು ಬಡ್ಡಿಯ ಬಾಗಿಲನ್ನು ತಟ್ಟುವವರಿಗೆ ಬೇಕಾದುದು ವ್ರತದ ಪೂರ್ತಿಯೋ ಊರಿನ ಒಪ್ಪಿಗೆಯೋ?

ಆ ಘಟ್ಟದ ಕೆಳಗಿನ ಮನೆಯಲ್ಲಿ ಗೃಹಿಣಿಯು ಬಸದಿಯ ಇಂದ್ರರನ್ನು ಕೇಳಿದಾಗ ಅವರೂ ಇದನ್ನೇ ಹೇಳಿದರೆಂದು ಇಟ್ಟುಕೊಳ್ಳಬಹುದು. ಯಜಮಾನರಿಗೆ ಸಮಾಧಾನವಿಲ್ಲ. “ನಿನಗೀಗ ಐವತ್ತೆರಡು. ಇನ್ನು ಹದಿನಾಲ್ಕು ವರ್ಷ! ನಡುವೆ ಆಯುಷ್ಯ ಮುಗಿದರೆ?”

“ಮುಗಿದರೆ ನೋಂಪಿ ಅಲ್ಲಿಗೆ ನಿಂತೀತು. ನೀವು ಕಟ್ಟಬೇಕಾದ ಕಂತು ಯಾವುದೂ ಉಳಿಯುವುದಿಲ್ಲವಲ್ಲ,” ಎಂದು ಆಕೆ 14 ಗಂಟುಗಳ ಹೊಸ ನೂಲನ್ನು ದೇವರ ಮುಂದಿಟ್ಟು, ಮರುದಿನದ ಪಾರಣೆಗೆ ಹೆಸರುಬೇಳೆ ಆರಿಸಲು ಕುಳಿತಳು.