ಹಿಟ್ಟಿನ ಕೋಳಿಯೂ ಪರದೆಯ ಬಾಂಬೂ

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಯುಂಕರ್ಸ್ 87, ಅಂದರೆ ‘ಸ್ಟುಕಾ’, ನೆಟ್ಟಗೆ ಕೆಳಕ್ಕೆ ಧುಮುಕಿ ಬಾಂಬು ಹಾಕುತ್ತಿದ್ದ ವಿಮಾನ. ‘ಐಎಲ್-2’ ಸರಣಿಯ ಕಂಪ್ಯೂಟರ್ ಆಟಗಳಲ್ಲಿ ಅದನ್ನು ಯಾರು ಬೇಕಾದರೂ ಹಾರಿಸಬಹುದು, ಆದರೆ ಗುರಿ ಹಿಡಿಯುವುದು ಸುಲಭವಲ್ಲ. ಕಾಲಡಿಯ ಗಾಜಿನ ಕಿಟಕಿಯಲ್ಲಿ ಗುರಿ ಕಾಣುವ ತನಕ ಕಾಯಬೇಕು. ಡೈವ್ ಬ್ರೇಕ್ ತೆರೆದು, ವಿಮಾನವನ್ನು ಮಗುಚಿ ಕೆಳಗಿಳಿಸಬೇಕು. ಪಕ್ಕದ ಗಾಜಿನ ಮೇಲೆ ಬಳಿದಿರುವ ಓರೆಗೆರೆಗಳಲ್ಲಿ ಯಾವುದು ದಿಗಂತಕ್ಕೆ ಹೊಂದಿತೆಂದು ನೋಡಿ ಕೋನ ತಿಳಿಯಬೇಕು, ಗಾಳಿಯ ತಳ್ಳಾಟಕ್ಕೆ ಲೆಕ್ಕ ಬಿಟ್ಟು ಗುರಿಕಣ್ಣನ್ನು ಸರಿಸಬೇಕು, ಆಮೇಲೆ ಬಾಂಬು ಬಿಡಬೇಕು. ಇಷ್ಟು ಶ್ರದ್ಧೆಯಿಂದ ಕೊಲ್ಲುವ ಕೆಲಸವನ್ನು ಅಭಿನಯಿಸುವವನಿಗೆ ಪಾಪ ಅಂಟುತ್ತದೆಯೆ? ಆಟ ತಾನೇ ಎಂದು ನಕ್ಕುಬಿಡುವುದು ಕನ್ನಡದ ಓದುಗರಿಗೆ ಅಷ್ಟು ಸಲೀಸಲ್ಲ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ ನಮ್ಮ ಕಪಾಟಿನಲ್ಲಿದೆ.

ಅಲ್ಲಿ ರಾಜ ಯಶೋಧರ, ಕೆಟ್ಟ ಕನಸಿನ ಫಲ ತಪ್ಪಿಸಲೆಂದು ದೇವಿಗೆ ಜೀವವಿರುವ ಕೋಳಿಯನ್ನು ಬಲಿ ಕೊಡಲು ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳನ್ನು ಸುತ್ತಬೇಕಾಗುತ್ತದೆ. ಕೋಳಿ ನಿಜವಲ್ಲದಿದ್ದರೂ ಸಂಕಲ್ಪ ನಿಜವಾಗಿತ್ತು ಎಂಬುದು ಜೈನರ ತೀರ್ಪು. ಮೇಲ್ನೋಟಕ್ಕೆ ಪರದೆಯ ಬಾಂಬಿಗೂ ಇದೇ ನ್ಯಾಯ ಸಲ್ಲಬೇಕು. ನನಗೆ ಹಾಗನಿಸುವುದಿಲ್ಲ. ಯಶೋಧರನ ಕೋಳಿ ಜೀವಂತ ಕೋಳಿಯ ಬದಲಿಗೆ ನಿಂತದ್ದು. ಆ ಏಟನ್ನು ದೇವಿ ಬಲಿಯೆಂದೇ ಲೆಕ್ಕಕ್ಕೆ ಹಿಡಿಯಲಿ, ಕೆಟ್ಟ ಕನಸಿನ ಫಲ ತಪ್ಪಲಿ ಎಂಬುದು ಅಲ್ಲಿನ ಬಯಕೆ. ಕೊಂದದ್ದರ ಫಲ ಬೇಕು, ಕೊಂದ ಹೆಸರು ಬೇಡ. (ರಾಜರಿಗೆ ಈ ಉಪಾಯ ಹೊಸತೇನಲ್ಲ.) ಆಟಗಾರ ಯಾರ ಸಾವನ್ನೂ ಲೆಕ್ಕಕ್ಕೆ ಬರೆಸಲು ಹೊರಟವನಲ್ಲ. ಅವನಿಗೆ ಬೇಕಾದದ್ದು ಕೋನ, ಎತ್ತರ, ವೇಗಗಳು ಒಂದು ಕ್ಷಣಕ್ಕೆ ಕೂಡಿಬರುವುದು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದುಂಟು. ನಿಜವಾದ ಸ್ಟುಕಾದಲ್ಲಿ ಕೂತವನ ಮನಸ್ಸಿನಲ್ಲಿಯೂ ಇದ್ದದ್ದು ಕೋನ, ಎತ್ತರ, ವೇಗಗಳೇ. ಬಾಂಬು ಕಳಚಿದ ಮೇಲೆ ವಿಮಾನವನ್ನು ತಾನಾಗಿ ಮೇಲೆತ್ತುವ ವ್ಯವಸ್ಥೆ ಅದರಲ್ಲಿತ್ತು, ಏಕೆಂದರೆ ಮೇಲೇಳುವಾಗಿನ ಸೆಳೆತಕ್ಕೆ ಚಾಲಕನ ಕಣ್ಣು ಕತ್ತಲಿಡಬಹುದಿತ್ತು. ತಾನು ಮಾಡಿದ್ದನ್ನು ನೋಡಬೇಕಾದ ಗಳಿಗೆಯಲ್ಲಿ ಅವನಿಗೆ ಪ್ರಜ್ಞೆಯೇ ಮಂಕು. ದ್ವೇಷವಿಲ್ಲ, ಗುರಿಯೊಂದೇ ಇತ್ತು ಎಂಬ ಕಾರಣಕ್ಕೆ ಆಟಗಾರನನ್ನು ಬಿಟ್ಟರೆ, 1939ರ ಸೆಪ್ಟೆಂಬರ್ 1ರ ನಸುಕಿನಲ್ಲಿ ಪೋಲೆಂಡಿನ ವಿಯೆಲುನ್ ಎಂಬ ಪಟ್ಟಣದ ಮೇಲೆ, ಅಲ್ಲಿನ ಆಸ್ಪತ್ರೆಯ ಮೇಲೂ, ಬಾಂಬು ಸುರಿಸಿದವರನ್ನೂ ಬಿಡಬೇಕಾಗುತ್ತದೆ. ಬಿಡಬೇಕಿಲ್ಲ. ಜೈನ ದಾರ್ಶನಿಕ ಉಮಾಸ್ವಾತಿ ಹಿಂಸೆಯ ಲಕ್ಷಣ ಹೇಳುವಾಗ ದ್ವೇಷವನ್ನು ಹೆಸರಿಸುವುದಿಲ್ಲ. ಪ್ರಮಾದದಿಂದ, ಎಚ್ಚರಗೆಟ್ಟ ನಡತೆಯಿಂದ, ಪ್ರಾಣ ತೆಗೆಯುವುದೇ ಹಿಂಸೆ ಎನ್ನುತ್ತಾನೆ. ಊರೆಂದ ಮೇಲೆ ಜನರಿರುತ್ತಾರೆ ಎಂಬುದು ಆ ಚಾಲಕರಿಗೆ ತಿಳಿಯದ ಸಂಗತಿಯಲ್ಲ. ತಿಳಿದೂ ಕಣ್ಣನ್ನು ಗುರಿಗೆರೆಯ ಮೇಲಷ್ಟೇ ಇಟ್ಟುಕೊಂಡರು. ಆಟಗಾರನ ಕೆಳಗೆ ತೆಗೆಯಬಹುದಾದ ಪ್ರಾಣವೇ ಇಲ್ಲ.

ಮತ್ತೆ ಮತ್ತೆ ಯೋಚಿಸಿದ ಕಡೆಗೇ ಮನಸ್ಸು ವಾಲುತ್ತದೆ ಎಂದು ಬುದ್ಧ ಎಚ್ಚರಿಸಿದ್ದನಲ್ಲ ಎಂದು ಬೌದ್ಧರು ಕೇಳಬಹುದು. ಈ ಮಾತನ್ನು ಅರ್ಧ ಒಪ್ಪುತ್ತೇನೆ. ಸಂಜೆಯೆಲ್ಲ ಸ್ಟುಕಾ ಹಾರಿಸಿದವನು ಕ್ರೂರಿಯಾಗಿ ಏಳುತ್ತಾನೆಂದು ನಂಬಲು ಕಾರಣ ಕಾಣೆ. ಆದರೆ ಈ ಆಟಗಳ ಊರುಗಳಲ್ಲಿ ಸಾಮಾನ್ಯವಾಗಿ ಮನೆಗಳಿರುತ್ತವೆ, ಮನೆಯವರಿರುವುದಿಲ್ಲ. ಅಂಥ ಊರನ್ನು ನೂರು ಸಲ ಮೇಲಿನಿಂದ ನೋಡಿದವನು ಇತಿಹಾಸದ ಊರುಗಳೂ ಹೀಗೇ ಖಾಲಿಯಿದ್ದವೆಂಬ ಭಾವನೆಗೆ ಒಗ್ಗಿಹೋದರೆ, ಅದು ಪ್ರಮಾದವೇ. ಆಟ ಬಿಡಿ ಎಂದು ನಾನು ಹೇಳುವುದಿಲ್ಲ. ಓರೆಗೆರೆಗಳ ಲೆಕ್ಕ ಕಲಿಯಲು ಅಷ್ಟು ಹೊತ್ತು ಕೊಡುವವರು ವಿಯೆಲುನ್‌ನ ಕಥೆ ಓದಲು ಒಂದು ಸಂಜೆ ಕೊಡಲಿ.